ಯಹೂದಿ ಧರ್ಮದ ಅಧ್ಯಯನದಲ್ಲಿ ಅಸೋಸಿಯೇಟ್ ಡಿಗ್ರಿ ಮಾಡಿದರೆ ರಬ್ಬಿ (ಯಹೂದಿ ಧರ್ಮಗುರು) ಆಗಬಹುದಾ?

ಅಷ್ಟರಿಂದಲೇ ಆಗುವುದಿಲ್ಲ. ಅಮೆರಿಕದಲ್ಲಿ ಅಸೋಸಿಯೇಟ್ ಅಂದರೆ ಎರಡು ವರ್ಷದ, ಸುಮಾರು 60 ಕ್ರೆಡಿಟ್‌ಗಳ ಕೋರ್ಸ್. ಅಲ್ಲಿನ ನಾಲ್ಕು ವರ್ಷದ ಬಿ.ಎ.ಗೆ ಅರ್ಧ ದಾರಿ. 1875ರಲ್ಲಿ ಶುರುವಾದ ಹೀಬ್ರೂ ಯೂನಿಯನ್ ಕಾಲೇಜಿನಂಥ ಕಡೆ ರಬ್ಬಿ ಆಗಲು ಬಿ.ಎ. ಮುಗಿಸಿ ಮತ್ತೆ ಹಲವು ವರ್ಷ ಓದಬೇಕು.

ಹಾಗಂತ ಈ ಎರಡು ವರ್ಷ ದಂಡ ಅಲ್ಲ, ಅಡಿಪಾಯ ಬೀಳುವುದೇ ಇಲ್ಲಿ. ಯಹೂದಿಗಳ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್‌ನ ಒಂದು ಪುಟ ತೆರೆದು ನೋಡಿ. ನಡುವೆ ಹೀಬ್ರೂ ಭಾಷೆಯ ಮಿಶ್ನಾ, ಅಂದರೆ ಹಳೆಯ ಧರ್ಮನಿಯಮಗಳ ಸಂಗ್ರಹ. ಅದರ ಕೆಳಗೆ ಅದರ ಮೇಲಿನ ಚರ್ಚೆ, ಗೆಮಾರಾ. ಇದು ಜಾಸ್ತಿ ಅರಾಮಿಕ್‌ನಲ್ಲಿದೆ. ಒಂದು ಪಕ್ಕದಲ್ಲಿ 11ನೇ ಶತಮಾನದ ರಾಶಿ ಎಂಬ ವಿದ್ವಾಂಸರು ಬರೆದ ವಿವರಣೆ, ಇನ್ನೊಂದು ಪಕ್ಕದಲ್ಲಿ ಅವರ ನಂತರದವರು ಎತ್ತಿದ ಪ್ರಶ್ನೆಗಳು. ಇಬ್ಬರು ಎದುರುಬದುರು ಕೂತು, ಜೋರಾಗಿ ಓದಿ, ವಾದ ಮಾಡುತ್ತಾ ಕಲಿಯುತ್ತಾರೆ. ಇದೇ ಹವ್ರುತಾ. ಸುಮ್ನೆ ಬಾಯಿಪಾಠ ಮಾಡಿದರೆ ಈ ಪುಟ ದಕ್ಕುವುದಿಲ್ಲ. ನನ್ನ ಪ್ರಕಾರ ಈ ಓದಿನ ಜೀವಾಳವೇ ಹವ್ರುತಾ.

ಹೀಬ್ರೂ ಅಕ್ಷರಗಳನ್ನು ಮೊದಲೇ ಕಲಿತು ಹೋಗಿ, ತುಂಬಾ ಸಲೀಸಾಗುತ್ತದೆ. ಫೀಸ್ ಕಟ್ಟುವ ಮುಂಚೆ ಕಾಲೇಜಿಗೆ ಮಾನ್ಯತೆ ಇದೆಯಾ, ಕ್ರೆಡಿಟ್‌ಗಳನ್ನು ನೀವು ಮುಂದೆ ಸೇರುವ ಬಿ.ಎ.ಯವರು ಒಪ್ಪುತ್ತಾರಾ ಅಂತ ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಿ.