ಎಕ್ಸ್‌ರೇಯಲ್ಲಿ ಏನೂ ಇಲ್ಲ, ನೋವು ಮಾತ್ರ ಹೋಗಿಲ್ಲ: ಸೈಕಲ್‌ನಿಂದ ಬಿದ್ದವರ ಪ್ರಶ್ನೆಗಳಿಗೆ ಮೂಳೆ ತಜ್ಞರ ಉತ್ತರ

ಮಳೆ ನಿಂತು ಚಳಿ ಶುರುವಾದರೆ ದಾವಣಗೆರೆಯಲ್ಲಿ ಬೆಳಗಿನ ಆರಕ್ಕೆಲ್ಲ ಸೈಕಲ್‌ಗಳು ಹೊರಬೀಳುತ್ತವೆ. ಕುಂದುವಾಡ ಕೆರೆ ಕಡೆಗೆ ಕೆಲವರು, ಹದಡಿ ರಸ್ತೆ ಹಿಡಿದು ಕೆಲವರು. ಅದೇ ಹೊತ್ತಿಗೆ ಹಳ್ಳಿ ರಸ್ತೆಗಳ ಮೇಲೆ ಮೆಕ್ಕೆಜೋಳ ಒಣಗಲು ಬಿದ್ದಿರುತ್ತದೆ. ಟೈರಿನಡಿ ಕಾಳು ಸಿಕ್ಕರೆ ಸೈಕಲ್ ನಿಲ್ಲುವುದಿಲ್ಲ, ಜಾರುತ್ತದೆ. ಹಾಗೆ ಬಿದ್ದವರು ಪ್ರತಿ ವರ್ಷ ಕೇಳುವ ಪ್ರಶ್ನೆಗಳೂ ಅವೇ. ಅದರಲ್ಲಿ ಒಂದಕ್ಕೆ ಈ ಸಲ ಪೂರ್ತಿ ಉತ್ತರ ಬರೆಯುತ್ತೇನೆ. ಹೆಲ್ಮೆಟ್ ಯಾಕೆ ಬೇಕು, ಬ್ರೇಕ್ ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನೆಲ್ಲ ಬರೆಯುವುದಿಲ್ಲ. ಅಷ್ಟು ತಿಳಿಯದೆ ಯಾರೂ ರಸ್ತೆಗೆ ಇಳಿಯಬಾರದು.

ಮೆಲ್ಲಗೇ ಹೋಗುತ್ತಿದ್ದೆ. ತಿರುವಿನಲ್ಲಿ ಸೈಕಲ್ ಜಾರಿ, ಕೈ ಊರಿ ಬಿದ್ದೆ. ಅವತ್ತೇ ಎಕ್ಸ್‌ರೇ ತೆಗೆಸಿದೆ, ಏನೂ ಆಗಿಲ್ಲ ಅಂದರು. ಉಳುಕಿರಬೇಕು ಅಂತ ಮೂರು ವಾರದಿಂದ ಎಣ್ಣೆ ಹಚ್ಚಿ ತಿಕ್ಕಿಸುತ್ತಿದ್ದೇನೆ. ಊತ ಇಳಿದಿದೆ. ಬೀಗ ತಿರುಗಿಸಿದರೆ, ಬಿಂದಿಗೆ ಎತ್ತಿದರೆ ಮಾತ್ರ ಮಣಿಕಟ್ಟು ನೋವು. ಯಾವ ಎಣ್ಣೆ ಒಳ್ಳೆಯದು? – ಹರಿಹರದ ಓದುಗರು

ಎಣ್ಣೆ ಇವತ್ತೇ ನಿಲ್ಲಿಸಿ. ತಿಕ್ಕುವುದನ್ನೂ ನಿಲ್ಲಿಸಿ.

ಮೊದಲು ಈ ‘ಮೆಲ್ಲಗೇ ಹೋಗುತ್ತಿದ್ದೆ’ ಅನ್ನುವ ಮಾತು. ಮೆಲ್ಲಗೆ ಹೋದರೆ ಮೂಳೆ ಮುರಿಯುವುದಿಲ್ಲ ಅಂತ ಎಲ್ಲರೂ ನಂಬಿದ್ದಾರೆ. ನೆಲಕ್ಕೆ ಬಡಿಯುವ ಪೆಟ್ಟು ಬರುವುದು ವೇಗದಿಂದ ಅಲ್ಲ, ಎತ್ತರದಿಂದ. ಸೀಟಿನ ಎತ್ತರ 10 ಕಿ.ಮೀ. ವೇಗದಲ್ಲೂ ಅಷ್ಟೇ, 30ರಲ್ಲೂ ಅಷ್ಟೇ. ಜೋರಾಗಿ ಹೋಗುವವನು ಬಿದ್ದರೆ ಎಷ್ಟೋ ಸಲ ಜಾರಿಕೊಂಡು ಹೋಗುತ್ತಾನೆ, ಚರ್ಮ ಕಿತ್ತು ಬರುತ್ತದೆ. ಮೆಲ್ಲಗೆ ಹೋಗುವವನು ಇದ್ದಲ್ಲೇ ಪಕ್ಕಕ್ಕೆ ವಾಲಿ ಬೀಳುತ್ತಾನೆ. ಬೀಳುವಾಗ ಕೈ ತಾನಾಗಿಯೇ ಮುಂದೆ ಬರುತ್ತದೆ, ಮೈಭಾರವೆಲ್ಲ ಅಂಗೈ ಬುಡಕ್ಕೆ ಇಳಿಯುತ್ತದೆ. ಸಿಗ್ನಲ್‌ನಲ್ಲಿ, ಬೂಟು ಸಿಕ್ಕಿಸಿಕೊಳ್ಳುವ ಕ್ಲಿಪ್ ಪೆಡಲ್‌ನಿಂದ ಕಾಲು ಬಿಡಿಸಲಾಗದೆ, ನಿಂತ ಸೈಕಲ್‌ನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡವರಿಗೂ ಪ್ಲಾಸ್ಟರ್ ಹಾಕಿದ್ದೇನೆ.

ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹೆಬ್ಬೆರಳ ಕಡೆ ಇರುವ ಒಂದರ ಹೆಸರು ಸ್ಕೇಫಾಯ್ಡ್. ನೋಡಲು ಗೋಡಂಬಿಯಂತೆ ಇರುತ್ತದೆ, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಕೈ ಊರಿ ಬಿದ್ದಾಗ ಮಣಿಕಟ್ಟಿನ ಸಣ್ಣ ಮೂಳೆಗಳಲ್ಲಿ ಹೆಚ್ಚಾಗಿ ಮುರಿಯುವುದು ಇದೇ. ಈಗಲೇ ಒಂದು ಪರೀಕ್ಷೆ ಮಾಡಿ. ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಂದಕ್ಕೆ ಚಾಚಿ. ಅದರ ಬುಡದಲ್ಲಿ ಎರಡು ಹುರಿಗಳು ಎದ್ದು ಕಾಣುತ್ತವೆ, ನಡುವೆ ಒಂದು ಗುಳಿ. ಇನ್ನೊಂದು ಕೈಯ ಬೆರಳ ತುದಿಯಿಂದ ಆ ಗುಳಿ ಒತ್ತಿ. ಆಮೇಲೆ ಚೆನ್ನಾಗಿರುವ ಕೈಯಲ್ಲೂ ಅದೇ ಜಾಗ ಒತ್ತಿ ನೋಡಿ. ಬಿದ್ದ ಕೈಯಲ್ಲಿ ಮಾತ್ರ ಚುರುಕ್ ಅಂದರೆ, ಬೇರೆ ಏನೋ ಅಂತ ಗೊತ್ತಾಗುವ ತನಕ ಅದು ಮುರಿದ ಮೂಳೆಯೇ.

‘ಎಕ್ಸ್‌ರೇಯಲ್ಲಿ ಇಲ್ಲವಲ್ಲ?’ ಅಂತೀರಿ. ಮೊದಲ ದಿನದ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಇರಬಹುದು. ಕೂದಲೆಳೆಯಷ್ಟು ಸಣ್ಣದಿರುತ್ತದೆ, ಪಕ್ಕದ ಮೂಳೆಗಳ ನೆರಳು ಅದರ ಮೇಲೆ ಬೀಳುತ್ತದೆ. ಹಾಗಾಗಿ ಅನುಮಾನ ಇದ್ದರೆ ಅವತ್ತೇ ಪ್ಲಾಸ್ಟರ್ ಅಥವಾ ಸ್ಪ್ಲಿಂಟ್ ಹಾಕಿ, 10ರಿಂದ 14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಯುತ್ತೇವೆ. ಆಗಲೂ ಸ್ಪಷ್ಟವಾಗದಿದ್ದರೆ ಎಂಆರ್‌ಐ. ‘ಎರಡು ವಾರ ಬಿಟ್ಟು ಬನ್ನಿ’ ಅಂದಾಗ ಜನ ಬರುವುದೇ ಇಲ್ಲ. ಊತ ಇಳಿಯಿತು, ಸರಿ ಹೋಯಿತು ಅಂದುಕೊಳ್ಳುತ್ತಾರೆ. ಊತ ಇಳಿಯುವುದಕ್ಕೂ ಮೂಳೆ ಕೂಡುವುದಕ್ಕೂ ಸಂಬಂಧ ಇಲ್ಲ.

ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ ಒಳಹೋಗಿ, ಹಿಮ್ಮುಖವಾಗಿ ಮೊಣಕೈ ಕಡೆಯ ತುದಿಗೆ ಹರಿಯುತ್ತದೆ. ನಡುವೆ ಮುರಿದರೆ ಆ ಕಡೆಯ ಚೂರಿಗೆ ರಕ್ತ ನಿಂತು ಹೋಗಬಹುದು. ರಕ್ತ ಇಲ್ಲದ ಮೂಳೆ ಸಾಯುತ್ತದೆ. ಮೊದಲೇ ಹಿಡಿದರೆ, ಚೂರು ಸರಿದಿಲ್ಲದಿದ್ದರೆ, ಎಂಟರಿಂದ ಹನ್ನೆರಡು ವಾರದ ಪ್ಲಾಸ್ಟರ್‌ನಲ್ಲಿ ಸಾಮಾನ್ಯವಾಗಿ ಕೂಡುತ್ತದೆ. ಬಿಟ್ಟರೆ ಸ್ಕ್ರೂ ಹಾಕಬೇಕು, ಬೇರೆ ಕಡೆಯಿಂದ ಮೂಳೆ ತೆಗೆದು ಕಸಿ ಮಾಡಬೇಕು. ಅದೂ ಮಾಡಿಸದಿದ್ದರೆ ಕೆಲವು ವರ್ಷದಲ್ಲಿ ಮಣಿಕಟ್ಟು ಸವೆದು, ಕೈ ಮಡಚುವುದೇ ಕಷ್ಟವಾಗಬಹುದು. ಬೀಡಿ, ಸಿಗರೇಟು ಸೇದುವವರಿಗೆ ಕೂಡುವುದು ಇನ್ನೂ ನಿಧಾನ. ಪ್ಲಾಸ್ಟರ್ ಇರುವಷ್ಟು ದಿನವಾದರೂ ಬಿಡಿ.

ಇಂಥ ಕೈಯನ್ನು ‘ನರ ಹೊರಳಿದೆ’ ಅಂತ ಹಿಡಿದು ಜಗ್ಗುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಲಟ್ ಅಂತ ಶಬ್ದ ಬಂದರೆ ‘ಕೂತಿತು’ ಅನ್ನುತ್ತಾರೆ. ಕೂರಲಿಲ್ಲ, ಚೂರು ಸರಿಯಿತು. ಬರಿಯ ಬಿರುಕಿದ್ದದ್ದು ಆಪರೇಷನ್‌ಗೆ ಬರುವುದು ಹೀಗೆ. ನೀವು ಈ ವಾರವೇ ಮೂಳೆ ವೈದ್ಯರ ಹತ್ತಿರ ಹೋಗಿ, ‘ಸ್ಕೇಫಾಯ್ಡ್ ನೋಡಿ’ ಅಂತ ಬಾಯಿಬಿಟ್ಟು ಕೇಳಿ. ಹಳೆ ಎಕ್ಸ್‌ರೇಯನ್ನೂ ತೆಗೆದುಕೊಂಡು ಹೋಗಿ.

ಜೋಗಿಮಟ್ಟಿ ಬೆಟ್ಟದಿಂದ ಸೈಕಲ್‌ನಲ್ಲಿ ಇಳಿಯುವಾಗ 40 ಕಿ.ಮೀ. ವೇಗ ದಾಟುತ್ತೇನೆ. ಒಳ್ಳೆ ಹೆಲ್ಮೆಟ್ ಇದೆ. ತೊಂದರೆ ಇಲ್ಲ ಅಲ್ವಾ? – ಚಿತ್ರದುರ್ಗದ ಯುವಕ

ಇದೆ. ಯುರೋಪಿನ ಇಎನ್ 1078 ಮಾನದಂಡದಲ್ಲಿ ಹೆಲ್ಮೆಟ್ಟನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಸಮತಟ್ಟಾದ ಉಕ್ಕಿನ ಮೇಲೆ ಬೀಳಿಸಿ ನೋಡುತ್ತಾರೆ. ಅಂದರೆ ಸೀಟಿನಿಂದ ನೆಲಕ್ಕೆ ತಲೆ ಬಡಿಯುವ ಹೊಡೆತಕ್ಕೆ ಅದು ಲೆಕ್ಕ. ಬಂಡೆಗೋ ಎದುರಿಗೆ ಬಂದ ಜೀಪಿಗೋ ಬಡಿದರೆ ಲೆಕ್ಕವೇ ಬೇರೆ. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು. 20ರಲ್ಲಿ ಗೋಡೆಗೆ ಬಡಿಯುವುದು ಒಂದೂವರೆ ಮೀಟರ್‌ನಿಂದ ಬಿದ್ದಷ್ಟು, 40ರಲ್ಲಿ ಆರು ಮೀಟರ್ ಮೇಲಿಂದ ಬಿದ್ದಷ್ಟು. ತಿರುವು ಕಾಣದ ಕಡೆ 20 ದಾಟಬೇಡಿ. ನನ್ನ ಮಗನಿಗೂ ಇದನ್ನೇ ಹೇಳುತ್ತೇನೆ, ಅವನಿಗೂ ಬೇಜಾರು.

ಜನವರಿಯಲ್ಲಿ ಗುಲ್ಮಾರ್ಗ್‌ಗೆ ಹೋಗುತ್ತಿದ್ದೇವೆ. ಸ್ಕೀಯಿಂಗ್ ಮಾಡಬೇಕು. ಹಿಮ ಮೆತ್ತಗಿರುತ್ತದೆ, ಬಿದ್ದರೂ ಏನಾಗಲ್ಲ ಅಂತಾರೆ, ನಿಜವಾ? – ದಾವಣಗೆರೆಯ ದಂಪತಿ

ಸುಳ್ಳು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಬಿದ್ದಾಗ ಹಲಗೆ ಒಂದು ಕಡೆ, ಮೈ ಒಂದು ಕಡೆ ತಿರುಗುತ್ತದೆ. ನಡುವೆ ತಿರುಚುವುದು ಮೊಣಕಾಲು. ಹೊಸಬರಲ್ಲಿ ಮೆಲ್ಲಗೆ, ಹಿಂದಕ್ಕೆ ವಾಲಿ ಬೀಳುವಾಗಲೇ ಲಿಗಮೆಂಟ್, ಅಂದರೆ ಮೂಳೆಗಳನ್ನು ಜೋಡಿಸಿ ಹಿಡಿದಿರುವ ಪಟ್ಟಿ, ಹರಿಯುವುದುಂಟು, ಯಾಕೆಂದರೆ ಆ ಬಲಕ್ಕೆ ಬೂಟು ಹಿಡಿದಿರುವ ಬೈಂಡಿಂಗ್ ಬಿಚ್ಚಿಕೊಳ್ಳುವುದಿಲ್ಲ. ಬೈಂಡಿಂಗನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ, ಅನುಭವ ನೋಡಿ ಹೊಂದಿಸಬೇಕು. ಬಾಡಿಗೆಗೆ ಕೊಡುವವನು ಇದನ್ನು ಕೇಳದೆ ಹಲಗೆ ಕೈಗಿಟ್ಟರೆ ಹಾಕಿಕೊಳ್ಳಬೇಡಿ. ಕೈಕೋಲು ಹಿಡಿದೇ ಬಿದ್ದರೆ ಹೆಬ್ಬೆರಳ ಬುಡದ ಲಿಗಮೆಂಟ್ ಹೋಗುತ್ತದೆ, ಬೀಳುವಾಗ ಕೋಲು ಬಿಟ್ಟುಬಿಡಿ. ಮೊಣಕಾಲಲ್ಲಿ ‘ಟಕ್’ ಅಂದು ಕೆಲವೇ ಗಂಟೆಯಲ್ಲಿ ಊದಿದರೆ ಒಳಗೆ ರಕ್ತ ತುಂಬುತ್ತಿದೆ ಅಂತ ಅರ್ಥ. ಮತ್ತೆ ಹಲಗೆ ಏರುವುದಲ್ಲ, ಆಸ್ಪತ್ರೆಗೆ ಹೋಗುವುದು.

ಕಾಲು ಸೂಪ್ ಕುಡಿದರೆ ಮೂಳೆ ಬೇಗ ಕೂಡುತ್ತದಾ?

ಇಲ್ಲ. ರಾಗಿ, ಬೇಳೆ, ಮೊಟ್ಟೆ, ಹಾಲು ಸಾಕು.

ಮಗ ಸೈಕಲ್‌ನಿಂದ ಬಿದ್ದು ಮೊಣಕೈ ಊದಿದೆ. ಬಿದಿರು ಪಟ್ಟಿ ಇಟ್ಟು ಕಟ್ಟು ಹಾಕಿಸಿದ್ದೇವೆ. ರಾತ್ರಿಯೆಲ್ಲ ಅಳುತ್ತಾನೆ.

ಈ ಪುಟ ಕೆಳಗಿಟ್ಟು ಕಟ್ಟು ಬಿಚ್ಚಿ. ಬೆರಳು ತಣ್ಣಗಿದ್ದರೆ, ಜೋಮು ಹಿಡಿದಿದ್ದರೆ, ಬೆರಳು ನೀಡಿಸಿದಾಗ ಕಿರುಚಿದರೆ ಈ ಕ್ಷಣವೇ ಆಸ್ಪತ್ರೆಗೆ ಓಡಿ. ರಕ್ತ ನಿಂತ ಮಾಂಸಖಂಡ ಕೆಲವೇ ಗಂಟೆಯಲ್ಲಿ ಸಾಯತೊಡಗುತ್ತದೆ. ಇಂಥ ಪ್ರಶ್ನೆಯನ್ನು ಪತ್ರ ಬರೆದು ಕೇಳಬೇಡಿ.

ಬಿದ್ದಾಗ ಹಾಕಿದ್ದ ಹೆಲ್ಮೆಟ್ ಚೆನ್ನಾಗೇ ಇದೆ. ತಮ್ಮನಿಗೆ ಕೊಡಬಹುದಾ?

ಬೇಡ. ಒಳಗಿನ ಥರ್ಮೋಕೋಲ್ ಒಮ್ಮೆ ಅಮುಕಿದರೆ ಮತ್ತೆ ಉಬ್ಬುವುದಿಲ್ಲ, ಹೊರಗಿಂದ ಅದು ಕಾಣುವುದೂ ಇಲ್ಲ. ಪಟ್ಟಿ ಕತ್ತರಿಸಿ ಎಸೆಯಿರಿ, ಇನ್ನೊಬ್ಬರು ಎತ್ತಿ ಹಾಕಿಕೊಳ್ಳದ ಹಾಗೆ.