ಟ್ರೇಲರ್ ಎಳೆಯಲು ಎಫ್-150 ಕೊಳ್ಳುವುದಾದರೆ ಯಾವ ಎಂಜಿನ್, ಯಾವ ಸೌಲಭ್ಯಗಳು?

ಡೆನ್ವರಿನಲ್ಲಿದ್ದೀರಿ, 7,000 ಪೌಂಡ್ ಗರಿಷ್ಠ ತೂಕದ ಕ್ಯಾಂಪಿಂಗ್ ಟ್ರೇಲರ್ ಒಪ್ಪಿಗೆಯಾಗಿದೆ, ಬೇಸಿಗೆಯಲ್ಲಿ ಮೈಸೂರಿನಿಂದ ಬರುವ ಅಪ್ಪ ಅಮ್ಮನನ್ನೂ ಸೇರಿಸಿ ಒಟ್ಟು ಆರು ಜನ ಹೊರಡುವವರು. ಫೋರ್ಡ್ ಕಂಪನಿಯ ಎಫ್-150 ಪಿಕಪ್ ಗಾಡಿಯಲ್ಲಿ ಸಿಗುವ 2.7 ಲೀಟರ್ ಇಕೋಬೂಸ್ಟ್ (ಫೋರ್ಡ್‌ನ ಟರ್ಬೊ ಎಂಜಿನ್), ಟರ್ಬೊ ಇಲ್ಲದ ಎಂಟು ಸಿಲಿಂಡರಿನ 5.0 ವಿ8, 3.5 ಇಕೋಬೂಸ್ಟ್ ಈ ಮೂರರಲ್ಲಿ ಯಾವುದು, ಜೊತೆಗೆ ಯಾವ ಸೌಲಭ್ಯಗಳಿಗೆ ಹಣ ಹಾಕಬೇಕು ಎಂದು ಕೇಳಿದ್ದೀರಿ. ನಾನೂ ಇದೇ ಕೊಲೊರಾಡೊದ ಬೆಟ್ಟಗಳಲ್ಲಿ ಟ್ರೇಲರ್ ಎಳೆಯುವವನು. ಎಂಜಿನ್ ಮಟ್ಟಿಗೆ ನನ್ನ ಉತ್ತರ 3.5 ಇಕೋಬೂಸ್ಟ್. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಆರು ಜನ’ ಎಂಬ ಮಾತು. ಮೊದಲು ಅದನ್ನು ನೋಡೋಣ.

ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಹಳದಿ ಬಿಳಿ ಬಣ್ಣದ ಚೀಟಿಯೊಂದು ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಇದನ್ನೇ ಪೇಲೋಡ್ ಎನ್ನುತ್ತಾರೆ. ಈ ಅಂಕಿ ಆ ಒಂದು ಗಾಡಿಗೆ ಮಾತ್ರ ಸೇರಿದ್ದು. ಪಕ್ಕದಲ್ಲೇ ನಿಂತ ಅದೇ ಮಾದರಿಯ ಗಾಡಿಯಲ್ಲಿ ಬೇರೆ ಇರಬಹುದು. ಟ್ರೇಲರಿನ ಮೂತಿ ಹಿಚ್ ಮೇಲೆ, ಅಂದರೆ ಗಾಡಿಯ ಹಿಂದೆ ಟ್ರೇಲರ್ ಕಟ್ಟುವ ಕೊಂಡಿಯ ಮೇಲೆ, ಒತ್ತುವ ಭಾರವೂ ಈ ಲೆಕ್ಕದೊಳಗೇ ಬರುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಆ ಭಾರ ಟ್ರೇಲರ್ ತೂಕದ ಶೇಕಡಾ 10ರಿಂದ 15ರಷ್ಟಿರಬೇಕು. ಶೇಕಡಾ 13 ಎಂದು ಹಿಡಿದರೆ ನಿಮ್ಮದು 910 ಪೌಂಡ್. ದೊಡ್ಡವರು ನಾಲ್ವರು, ಮಕ್ಕಳಿಬ್ಬರು ಸೇರಿ ಸುಮಾರು 720. ಹಿಚ್‌ನ ಕಬ್ಬಿಣವೇ 90ರ ಹತ್ತಿರ. ಕೂಲರ್, ಸೌದೆ, ಮಡಿಸುವ ಕುರ್ಚಿಗಳಿಗೆ ಇನ್ನೊಂದು 100. ಒಟ್ಟು 1,820 ಪೌಂಡ್! ಪ್ಲಾಟಿನಂನಂಥ ದುಬಾರಿ ದರ್ಜೆಯ ನಾಲ್ಕು ಚಕ್ರ ಚಾಲನೆಯ ಗಾಡಿಗಳಲ್ಲಿ ಚೀಟಿಯ ಅಂಕಿ 1,500ರ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಡಿಮೆ. ಗಾಜಿನ ಚಾವಣಿ, ದೊಡ್ಡ ಚಕ್ರಗಳು, ತಾವೇ ಇಳಿಯುವ ಮೆಟ್ಟಿಲುಗಳು ಎಲ್ಲವೂ ಪೇಲೋಡನ್ನೇ ತಿನ್ನುತ್ತವೆ. ಮಾರಾಟಗಾರ ಟ್ರೇಲರಿನ ಖಾಲಿ ತೂಕ ಹೇಳಿ ಸಮಾಧಾನ ಮಾಡಿದರೆ ಒಪ್ಪಬೇಡಿ. 40 ಗ್ಯಾಲನ್ ನೀರು ತುಂಬಿದರೆ ಅದೇ 330 ಪೌಂಡ್ ಆಗುತ್ತದೆ.

ಹಾಗಾದರೆ ಜಾಹೀರಾತಿನಲ್ಲಿ ಕಾಣುವ 13,500 ಪೌಂಡ್ ಎಳೆಯುವ ಸಾಮರ್ಥ್ಯ ಎಲ್ಲಿಂದ ಬಂತು? ಅದು ಎಸ್‌ಎಇ ಜೆ2807 ಎಂಬ ಪರೀಕ್ಷಾ ಮಾನದಂಡದಿಂದ ಬಂದ ಅಂಕಿ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಉದ್ದನೆಯ ಏರನ್ನು, ಎಸಿ ಹಾಕಿಕೊಂಡೇ, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಪರೀಕ್ಷೆ ಕಠಿಣವೇ, ಅನುಮಾನವಿಲ್ಲ. ಆದರೆ ಅದರಲ್ಲಿ ಗಾಡಿಯೊಳಗೆ ಲೆಕ್ಕಕ್ಕೆ ಹಿಡಿಯುವುದು ತಲಾ 150 ಪೌಂಡಿನ ಇಬ್ಬರನ್ನು ಮಾತ್ರ, ಮೂತಿಭಾರ ಶೇಕಡಾ 10. ಆರು ಜನರ ಕುಟುಂಬ ಆ ಲೆಕ್ಕದಲ್ಲಿಲ್ಲ.

ಇನ್ನು ಎಂಜಿನ್. 2021ರ ನಂತರದ ಮಾದರಿಗಳಲ್ಲಿ 5.0 ಮತ್ತು 3.5 ಎರಡೂ 400 ಅಶ್ವಶಕ್ತಿಯವು. ಕಾಗದದ ಮೇಲೆ ಸಮಬಲ, ಡೆನ್ವರಿನಲ್ಲಿ ಅಲ್ಲ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ನೀವು ಐ-70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರೆ ಐಸೆನ್‌ಹೋವರ್ ಸುರಂಗ ಇರುವುದೇ 11,158 ಅಡಿಯಲ್ಲಿ. ಅಲ್ಲಿಗೆ ತಲುಪುವ ಹೊತ್ತಿಗೆ ವಿ8ರ ಶಕ್ತಿಯಲ್ಲಿ ಮೂರನೆಯ ಒಂದು ಪಾಲು ಹೋಗಿರುತ್ತದೆ. ಟರ್ಬೊ ತೆಳು ಗಾಳಿಯನ್ನೇ ಒತ್ತಿ ತುಂಬುವುದರಿಂದ 3.5ರ ನಷ್ಟ ಬಹಳ ಕಡಿಮೆ. ಜೊತೆಗೆ ಅದರ 500 ಪೌಂಡ್-ಅಡಿ ಟಾರ್ಕ್ (ತಿರುಗಿಸುವ ಬಲ) ಸುಮಾರು 3,100 ಆರ್‌ಪಿಎಂನಲ್ಲೇ ಸಿಗುತ್ತದೆ, 5.0 ತನ್ನ 410 ಕೊಡಲು 4,000 ದಾಟಿ ಕಿರುಚಬೇಕು. ಕಡಲ ಮಟ್ಟದ ಹ್ಯೂಸ್ಟನ್ನಿನಲ್ಲಿ ನೀವಿದ್ದಿದ್ದರೆ ವಿ8 ಕೊಳ್ಳಿ ಎಂದು ಸಂತೋಷದಿಂದ ಹೇಳುತ್ತಿದ್ದೆ. 2.7 ಒಳ್ಳೆಯ ಎಂಜಿನ್, 400 ಪೌಂಡ್-ಅಡಿ ಕೊಡುತ್ತದೆ, ಆದರೆ ಅದು 5,000 ಪೌಂಡ್ ಒಳಗಿನ ಟ್ರೇಲರಿಗೆ ನೆಮ್ಮದಿ. ಪವರ್‌ಬೂಸ್ಟ್ ಹೈಬ್ರಿಡ್ ಟಾರ್ಕಿನಲ್ಲಿ ಎಲ್ಲರಿಗಿಂತ ಮುಂದಿದ್ದರೂ ಬ್ಯಾಟರಿ, ಮೋಟಾರಿನ ತೂಕ ಪೇಲೋಡಿಗೆ ಕತ್ತರಿ ಹಾಕುತ್ತದೆ.

ಹತ್ತುವುದಕ್ಕಿಂತ ಇಳಿಯುವಾಗ ಎಚ್ಚರ ಹೆಚ್ಚು ಬೇಕು. ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆಗೆ ಇಳಿಯುವಾಗ ಶೇಕಡಾ 7ರ ಇಳಿಜಾರು. ಬ್ರೇಕ್ ಕೈಕೊಟ್ಟ ಲಾರಿಗಳಿಗಾಗಿಯೇ ಪಕ್ಕದಲ್ಲಿ ಜಲ್ಲಿ ಸುರಿದ ದಾರಿಗಳಿವೆ. ಇಲ್ಲಿ ವಿ8 ಮೇಲು, ದೊಡ್ಡ ಎಂಜಿನ್ ಗಾಡಿಯನ್ನು ಹೆಚ್ಚು ತಡೆಯುತ್ತದೆ. 3.5ರಲ್ಲಿ ಭಾರ ಎಳೆಯಲೆಂದೇ ಇರುವ ಟೋ/ಹಾಲ್ ಮೋಡ್ ಹಾಕಿ, ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ, ಕೆಳಗಿನ ಗೇರಿಗೆ ಬನ್ನಿ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ನಮ್ಮ ಘಟ್ಟದ ಚಾಲಕರ ನಿಯಮ ಇಲ್ಲಿಗೂ ಸಲ್ಲುತ್ತದೆ.

ಸೌಲಭ್ಯಗಳಲ್ಲಿ ಎಳೆಯುವ ಪ್ಯಾಕೇಜು ಕಡ್ಡಾಯ. ಅದರಲ್ಲಿ ಟ್ರೇಲರ್ ಬ್ರೇಕ್ ನಿಯಂತ್ರಕ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಹಿಂಭಾಗದ ಆಕ್ಸಲ್ ಅನುಪಾತ 3.31 ಬೇಡ, 3.55 ಅಥವಾ 3.73 ಇರಲಿ; ಅಂಕಿ ದೊಡ್ಡದಾದಷ್ಟೂ ಎಳೆಯುವುದು ಸುಲಭ. 36 ಗ್ಯಾಲನ್ ಟ್ಯಾಂಕ್ ಸಿಕ್ಕರೆ ಬಿಡಬೇಡಿ, ಟ್ರೇಲರ್ ಕಟ್ಟಿದ ಮೇಲೆ ಗ್ಯಾಲನ್ನಿಗೆ ಒಂಬತ್ತು ಹತ್ತು ಮೈಲಿಯಷ್ಟೇ ನಿರೀಕ್ಷಿಸಬೇಕು. ಹೊರಚಾಚುವ ಕನ್ನಡಿಗಳು ಬೇಕೇ ಬೇಕು. ಹಿಂದಕ್ಕೆ ತಿರುಗಿಸಲು ನೆರವಾಗುವ ಗುಂಡಿ ಚೆಂದ, ಆದರೆ ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿದರೆ ಅದರ ಅಗತ್ಯ ಬೀಳುವುದಿಲ್ಲ. ಆರು ಜನ ಕೂರಬೇಕೆಂದರೆ ಮುಂದೆ ಮೂವರಿಗೆ ಜಾಗವಿರುವ ಬೆಂಚ್ ಸೀಟು ಬೇಕು. ಅದು ಎಕ್ಸ್‌ಎಲ್‌ಟಿಯಂಥ ಸರಳ ದರ್ಜೆಯಲ್ಲೇ ಸುಲಭವಾಗಿ ಸಿಗುವುದು, ಪೇಲೋಡ್ ಹೆಚ್ಚಿರುವುದೂ ಅಲ್ಲೇ. ಕೊಲೊರಾಡೊದ ಬಂಕ್‌ಗಳಲ್ಲಿ ‘ರೆಗ್ಯುಲರ್’ ಎಂದು ಮಾರುವ 85 ಆಕ್ಟೇನ್ ಪೆಟ್ರೋಲನ್ನು ಈ ಟರ್ಬೊ ಎಂಜಿನ್ನಿಗೆ ಹಾಕಲೇಬೇಡಿ. ಟ್ರೇಲರ್ ಎಳೆಯುವ ದಿನಗಳಲ್ಲಿ ಪ್ರೀಮಿಯಂ ಹಾಕಿ.

ಭಾರವನ್ನು ಹಂಚುವ ವೇಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಕೊಂಡುಕೊಳ್ಳಿ, ಆದರೆ ಟ್ರೇಲರ್ ಒಳಗೆ ಸಾಮಾನು ಜೋಡಿಸುವ ರೀತಿಯೂ ಅಷ್ಟೇ ಮುಖ್ಯ. ಎತ್ತಿನ ಗಾಡಿಗೆ ಹೇರುವಾಗ ಹಿಂಭಾರವಾದರೆ ಮೂಕಿ ಮೇಲೇಳುತ್ತದಲ್ಲ, ಇಲ್ಲೂ ಹಾಗೆಯೇ ಮೂತಿ ಹಗುರವಾಗುತ್ತದೆ. ಆಗ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಬಾಲ ಬೀಸಲು ಶುರುಮಾಡಿ ಇಡೀ ಗಾಡಿಯನ್ನೇ ಎಳೆದಾಡುತ್ತದೆ.

ಎಕ್ಸ್‌ಎಲ್‌ಟಿಯ ಚೀಟಿಯಲ್ಲಿ 1,900 ಅಥವಾ ಹೆಚ್ಚು ಕಂಡರೆ ಧೈರ್ಯವಾಗಿ ತೆಗೆದುಕೊಳ್ಳಿ. ಸಿಗದಿದ್ದರೆ, ಅಪ್ಪ ಅಮ್ಮ ಬಂದಾಗ ಮಾತ್ರ ಆರು ಜನ ಎನ್ನುವುದಾದರೆ, ಆ ಪ್ರವಾಸಗಳಲ್ಲಿ ಒಬ್ಬರು ಇನ್ನೊಂದು ಕಾರು ಓಡಿಸಲಿ. ಹಿರಿಯರಿಗೆ ಬೆನ್ನಿಗೂ ಸುಖ. ಪ್ರತಿ ಸಲವೂ ಆರು ಜನ ಎಂದಾದರೆ ಎಫ್-150 ಬಿಟ್ಟು ಅದಕ್ಕಿಂತ ಹೆಚ್ಚು ಭಾರ ಹೊರುವ, ಪೆಟ್ರೋಲ್ ಎಂಜಿನ್ನಿನ ಎಫ್-250 ನೋಡಿ. ಅದರ ಡೀಸೆಲ್ ಎಂಜಿನ್ ತಾನೇ ಭಾರವಾದ್ದರಿಂದ ನಿಮ್ಮ ಪೇಲೋಡನ್ನು ಮತ್ತೆ ಕಿತ್ತುಕೊಳ್ಳುತ್ತದೆ.

ಸಹಿ ಹಾಕುವ ಮೊದಲು ನೀವು ಕೊಳ್ಳುವ ಗಾಡಿಯ ಚೀಟಿಯನ್ನೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಮೊದಲ ಪ್ರವಾಸಕ್ಕೆ ಎಲ್ಲರೂ ಹತ್ತಿ, ಎಲ್ಲವನ್ನೂ ತುಂಬಿದ ಮೇಲೆ ಲಾರಿಗಳು ನಿಲ್ಲುವ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿ: ಟ್ರೇಲರ್ ಸಹಿತ ಒಮ್ಮೆ, ಬಿಚ್ಚಿ ಒಮ್ಮೆ. ಕಟ್ಟಿದಾಗ ಮುಂದಿನ ಆಕ್ಸಲ್ ತೀರ ಹಗುರವಾಗಿದ್ದರೆ ಹಿಚ್‌ನ ಸರಳುಗಳನ್ನು ಇನ್ನಷ್ಟು ಬಿಗಿ ಮಾಡಿಸಿ, ಮತ್ತೆ ತೂಗಿಸಿ, ಆಮೇಲೆ ಹೊರಡಿ.