ಕಿರಿ ಟೆ ಕನಾವಾ ರಾತ್ರೋರಾತ್ರಿ ಸ್ಟಾರ್ ಆದ್ರಾ?

ಪ್ರಶ್ನೆ: ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿ ಜನಾಂಗದ ಒಪೆರಾ (ಹಾಡಲ್ಲೇ ಕಥೆ ಹೇಳೋ ನಾಟಕ) ಗಾಯಕಿ ಕಿರಿ ಟೆ ಕನಾವಾ ಬಗ್ಗೆ ಎಲ್ಲ ಕಡೆ ಒಂದೇ ಕಥೆ ಓದ್ತೀನಿ, ಯಾರಿಗೋ ಹುಷಾರಿಲ್ಲ ಅಂತ ಕೊನೇ ಗಳಿಗೇಲಿ ಸ್ಟೇಜ್ ಹತ್ತಿದ್ರು, ರಾತ್ರೋರಾತ್ರಿ ಫೇಮಸ್ ಆದ್ರು ಅಂತ. ನಿಜಾನಾ? ಅದಕ್ಕೆ ಮುಂಚೆ ಯಾರ ಹತ್ರ ಕಲಿತಿದ್ರು?
– ಓದುಗರು, ಶಿವಮೊಗ್ಗ

ಉತ್ತರ: ಆ ಘಟನೆ ನಿಜ. 1974ರ ಫೆಬ್ರವರಿ 9ರ ಮಧ್ಯಾಹ್ನ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ವೆರ್ಡಿ ಸಂಯೋಜಿಸಿದ ಒಟೆಲ್ಲೊ ಒಪೆರಾ, ಅದರ ನಾಯಕಿ ಡೆಸ್ಡೆಮೋನಾ ಪಾತ್ರ ಹಾಡಬೇಕಿದ್ದ ತೆರೇಸಾ ಸ್ಟ್ರಾಟಾಸ್‌ಗೆ ಹುಷಾರು ತಪ್ಪಿತು, ಕಿರಿ ಹೋಗಿ ಹಾಡಿದ್ರು, ರೇಡಿಯೋದಲ್ಲಿ ಲೈವ್ ಬೇರೆ ಬರ್ತಿತ್ತು. ಆದ್ರೆ "ರಾತ್ರೋರಾತ್ರಿ" ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ.

ಅವರು ಹುಟ್ಟಿದ್ದು 1944ರಲ್ಲಿ, ಗಿಸ್ಬರ್ನ್ ಊರಲ್ಲಿ. ಎಳೇ ಕೂಸಾಗಿದ್ದಾಗ್ಲೇ ಟಾಮ್ ಮತ್ತೆ ನೆಲ್ ಟೆ ಕನಾವಾ ದಂಪತಿ ದತ್ತು ತಗೊಂಡ್ರು. ಹುಡುಗಿ ಕಂಠ ನೋಡಿ ಮನೆಯವರು ಆಕ್ಲೆಂಡಿಗೇ ಬಂದು ನೆಲೆಸಿದ್ರು, ಅಲ್ಲಿನ ಸೇಂಟ್ ಮೇರೀಸ್ ಕಾಲೇಜಿನಲ್ಲಿ ಸಿಸ್ಟರ್ ಮೇರಿ ಲಿಯೋ ಅನ್ನೋ ಸನ್ಯಾಸಿನಿ ಪಾಠ ಹೇಳ್ತಿದ್ರು, ದೊಡ್ಡ ಗುರು ಅವರು, ಇನ್ನೊಬ್ಬ ಗಾಯಕಿ ಮಾಲ್ವಿನಾ ಮೇಜರ್ ಕೂಡ ಅವರ ಶಿಷ್ಯೆನೇ. 1963ರ ಮೊಬಿಲ್ ಸಾಂಗ್ ಕ್ವೆಸ್ಟ್ ಅನ್ನೋ ಹಾಡಿನ ಸ್ಪರ್ಧೇಲಿ ಮಾಲ್ವಿನಾ ಫಸ್ಟ್, ಕಿರಿ ಸೆಕೆಂಡ್. 1965ರಲ್ಲಿ ಕಿರಿನೇ ಗೆದ್ರು. ಮುಂದಿನ ವರ್ಷ ಲಂಡನ್.

ಅಸಲಿ ಕಥೆ ಇಲ್ಲಿಂದ ಶುರು. ಲಂಡನ್ ಒಪೆರಾ ಸೆಂಟರಿನಲ್ಲಿ ಆಡಿಷನ್ ಇಲ್ಲದೇನೇ ಸೀಟು ಸಿಕ್ತು, ಆದ್ರೆ ಅಲ್ಲಿನ ಮುಖ್ಯಸ್ಥ ಜೇಮ್ಸ್ ರಾಬರ್ಟ್‌ಸನ್ ಕಣ್ಣಿಗೆ ಬಿದ್ದಿದ್ದು ಏನಪ್ಪಾ ಅಂದ್ರೆ ಈ ಹುಡುಗಿ ಜನರನ್ನ ಹಿಡಿದು ಕೂರಿಸ್ತಾಳೆ, ಟೆಕ್ನಿಕ್ ಮಾತ್ರ ಇಲ್ಲ. ಊರಲ್ಲಿ ಆಗ್ಲೇ ಹೆಸರು ಮಾಡಿ ರೆಕಾರ್ಡ್ ತಂದವರು ಇಲ್ಲಿ ಮತ್ತೆ ಉಸಿರಾಟದಿಂದ ಕಲೀಬೇಕು ಅಂದ್ರೆ ಎಷ್ಟು ಕಷ್ಟ ಯೋಚನೆ ಮಾಡಿ. ಶುರುವಲ್ಲಿ ಮೆಝೋ, ಅಂದ್ರೆ ಸ್ವಲ್ಪ ತಗ್ಗಿನ ಕಂಠ ಅಂತ ತಯಾರಾದವರು, ಆಮೇಲೆ ಸೊಪ್ರಾನೊ, ಅಂದ್ರೆ ಹೆಣ್ಣಿನ ಅತಿ ಎತ್ತರದ ಕಂಠ, ಆದ್ರು. ಹಂಗೇರಿ ಮೂಲದ ಗಾಯನ ಗುರು ವೆರಾ ರೋಜಾ ಅವರನ್ನ ತಿದ್ದಿ ತೀಡಿದ್ರು. 1970ರಲ್ಲಿ ಲಂಡನ್ನಿನ ದೊಡ್ಡ ಒಪೆರಾ ರಂಗಮಂದಿರ ಕವೆಂಟ್ ಗಾರ್ಡನ್ ಸೇರಿದಾಗ ಸಿಕ್ಕಿದ್ದು ಸಣ್ಣ ಸಣ್ಣ ಪಾತ್ರ, ಒಪೆರಾ ಪಾರ್ಸಿಫಾಲ್‌ನ ಹೂವಿನ ಹುಡುಗಿಯರಲ್ಲಿ ಒಬ್ಬಳು, ಹೀಗೆ.

1971ರಲ್ಲಿ ಮೊದಲು ಅಮೆರಿಕದ ಸಾಂಟಾ ಫೆ, ಆಮೇಲೆ ಡಿಸೆಂಬರ್ 1ಕ್ಕೆ ಕವೆಂಟ್ ಗಾರ್ಡನ್, ಮೊಜಾರ್ಟ್‌ನ ಫಿಗರೋ ಒಪೆರಾದಲ್ಲಿ ಕೌಂಟೆಸ್ ಪಾತ್ರ. ಇದು ಎಂಥಾ ಪರೀಕ್ಷೆ ಗೊತ್ತಾ, ಮೊದಲ ಅಂಕದಲ್ಲಿ ಕೌಂಟೆಸ್ ಬರೋದೇ ಇಲ್ಲ, ಎರಡನೇ ಅಂಕದ ಪರದೆ ಎದ್ದಾಗ ಒಬ್ಬಳೇ ನಿಂತಿರ್ತಾಳೆ, ಮಾತಿಲ್ಲ ಕಥೆಯಿಲ್ಲ, ನೇರವಾಗಿ "ಪೋರ್ಜಿ ಅಮೋರ್" ಅನ್ನೋ ನಿಧಾನದ ಹಾಡು, ಗಂಟಲು ಕಾಯಿಸ್ಕೊಳ್ಳೋಕೂ ಟೈಮಿಲ್ಲ, ಉಸಿರು ಒಂಚೂರು ಅಲುಗಿದ್ರೂ ಹಿಂದಿನ ಸೀಟಿನವರಿಗೂ ಗೊತ್ತಾಗತ್ತೆ. ಅದನ್ನ ಗೆದ್ದವರಿಗೆ ನ್ಯೂಯಾರ್ಕಿನ ಆ ಮಧ್ಯಾಹ್ನ ಬರೀ ಅದೃಷ್ಟ ಅಂದ್ರೆ ಆ ಎಂಟು ವರ್ಷದ ದುಡಿಮೆಗೆ ಅನ್ಯಾಯ ಮಾಡಿದ ಹಾಗೆ.

ಪ್ರಶ್ನೆ: ಕವೆಂಟ್ ಗಾರ್ಡನ್‌ನಲ್ಲಿ ಹಾಡಿದ ಮೊದಲ ಮಾವೋರಿ ಇವರೇನಾ?
– ಅದೇ ಓದುಗರು

ಉತ್ತರ: ಅಲ್ಲ. ಬಾಸ್, ಅಂದ್ರೆ ತೀರಾ ತಗ್ಗಿನ ಗಂಡು ಕಂಠದ, ಮಾವೋರಿ ಗಾಯಕ ಇನಿಯಾ ಟೆ ವಿಯಾಟಾ ಅಂತ ಇದ್ರು, ನ್ಯೂಜಿಲೆಂಡಿನ ಓಟಾಕಿ ಊರಿನವರು. 1951ರ ಡಿಸೆಂಬರ್ 1ಕ್ಕೆ, ಅಂದ್ರೆ ಕಿರಿ ಟೆ ಕನಾವಾ ಅಲ್ಲಿ ಕೌಂಟೆಸ್ ಹಾಡೋಕೆ ಸರಿಯಾಗಿ 20 ವರ್ಷ ಮುಂಚೆ, ಬೆಂಜಮಿನ್ ಬ್ರಿಟನ್ ಅನ್ನೋ ಸಂಗೀತ ಸಂಯೋಜಕರ ಬಿಲ್ಲಿ ಬಡ್ ಒಪೆರಾದ ಮೊದಲ ಪ್ರದರ್ಶನದಲ್ಲಿ ಅದೇ ಸ್ಟೇಜ್ ಮೇಲೆ ಹಾಡಿದ್ರು. ಮರ ಕೆತ್ತೋದ್ರಲ್ಲೂ ಪಳಗಿದ ಕೈ ಅವರದು, ಲಂಡನ್ನಿನ ನ್ಯೂಜಿಲೆಂಡ್ ಹೌಸ್‌ಗೆ ಅವರು ಕೆತ್ತೋಕೆ ಹಿಡಿದ ಎತ್ತರದ ಮಾವೋರಿ ಕಂಬವನ್ನ ಅವರು ತೀರಿಕೊಂಡ ಮೇಲೆ ಬೇರೆಯವರು ಮುಗಿಸಿದ್ರು.